ಫಾರ್ಮುಲಾ ಆಮೇಲೆ, ಮೊದಲು ಬಸ್ಸು ನೋಡು

“ಮೇಡಂ, ಇದಕ್ಕೆ ಯಾವ ಫಾರ್ಮುಲಾ ಹಾಕ್ಬೇಕು?”

ಭೌತಶಾಸ್ತ್ರ ಕಲಿಸುವವರು ವರ್ಷಕ್ಕೆ ನೂರಾರು ಸಲ ಕೇಳಿಸಿಕೊಳ್ಳುವ ಪ್ರಶ್ನೆ ಇದು. ಆವತ್ತು ಕೇಳಿದವನು ಪ್ರಥಮ ಪಿಯುಸಿಗೆ ಸೇರಿ ಇನ್ನೂ ತಿಂಗಳು ತುಂಬದ ಹುಡುಗ. ಸಂಜೆ ಕಾಲೇಜು ಬಿಟ್ಟ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ನೋಟ್‌ಬುಕ್ಕಿನ ಎಡ ಅಂಚಿನಲ್ಲಿ ಯು, ವಿ, ಎ, ಎಸ್, ಟಿ ಎಂದು ಐದು ಅಕ್ಷರಗಳನ್ನು ಒಂದರ ಕೆಳಗೊಂದು ಬರೆದು, ಗೊತ್ತಿದ್ದವುಗಳ ಮುಂದೆ ಅಂಕಿ, ಗೊತ್ತಿಲ್ಲದವುಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡು ಬಂದಿದ್ದ.

ನಾನು ಕೊಟ್ಟಿದ್ದ ಲೆಕ್ಕ ಇಷ್ಟೇ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬಸ್ಸು ಹೋಗುತ್ತಿದೆ. 40 ಮೀಟರ್ ಮುಂದೆ ರಸ್ತೆಗೆ ಹಸುವೊಂದು ಅಡ್ಡ ಬಂದು ನಿಂತದ್ದು ಚಾಲಕನ ಕಣ್ಣಿಗೆ ಬೀಳುತ್ತದೆ. ನೋಡಿ, ಕಾಲು ಬ್ರೇಕಿನ ಮೇಲೆ ಹೋಗುವುದಕ್ಕೆ ಒಂದು ಸೆಕೆಂಡ್ ಹಿಡಿಯುತ್ತದೆ. ಬ್ರೇಕ್ ಬಿದ್ದ ಮೇಲೆ ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ 5 ಮೀಟರ್‌ನಂತೆ ತಗ್ಗುತ್ತದೆ. ಹಸು ಉಳಿಯುತ್ತದೆಯೇ?

ಹುಡುಗನ ಮೊದಲ ಉತ್ತರ 360 ಮೀಟರ್. ಅರವತ್ತರ ವರ್ಗ 3,600. ಅದನ್ನು ಹತ್ತರಿಂದ ಭಾಗಿಸಿದ್ದ. “ಬಸ್ಸು ನಿಲ್ಲೋಕೆ 360 ಮೀಟರ್ ಬೇಕಾ? ಹಾಗಿದ್ರೆ ನಮ್ಮ ಸ್ಟಾಪಿನಲ್ಲಿ ನಿಲ್ಲಿಸೋಕೆ ಡ್ರೈವರ್ ಎಲ್ಲಿಂದ ಬ್ರೇಕ್ ಹಿಡೀಬೇಕು?” ಎಂದೆ. ತಲೆ ಕೆರೆದುಕೊಂಡ. ಗಂಟೆಯ ಕಿಲೋಮೀಟರನ್ನು ಸೆಕೆಂಡಿನ ಮೀಟರಿಗೆ ಇಳಿಸಿಲ್ಲ ಎಂಬುದು ಅವನಿಗೇ ಹೊಳೆಯಿತು. ಅರವತ್ತು ಎಂದರೆ ಸೆಕೆಂಡಿಗೆ 16.7 ಮೀಟರ್. ಮತ್ತೆ ಲೆಕ್ಕ ಹಾಕಿದ. 27.8 ಮೀಟರ್ ಬಂತು. “ಹಸು ಉಳೀತು ಮೇಡಂ!”

“ಪುಸ್ತಕ ಮುಚ್ಚು. ಬಸ್ಸಿನಲ್ಲಿ ಏನಾಯ್ತು ಅಂತ ಮೊದಲಿಂದ ಹೇಳು.”

“ಡ್ರೈವರ್ ಹಸು ನೋಡ್ದ. ಬ್ರೇಕ್ ಹಾಕ್ದ...”

“ನೋಡಿದ್ದಕ್ಕೂ ಹಾಕಿದ್ದಕ್ಕೂ ನಡುವೆ?”

ಸ್ವಲ್ಪ ಹೊತ್ತು ಸುಮ್ಮನಿದ್ದ. “ಬಸ್ಸು ಹೋಗ್ತಾನೇ ಇರತ್ತೆ,” ಅಂದ. ಆ ಒಂದು ಸೆಕೆಂಡಿನಲ್ಲಿ ಬಸ್ಸು ಪೂರ್ತಿ ವೇಗದಲ್ಲೇ 16.7 ಮೀಟರ್ ಹೋಗಿಬಿಟ್ಟಿರುತ್ತದೆ. ಬ್ರೇಕ್ ಬಿದ್ದ ಮೇಲಿನ 27.8 ಮೀಟರನ್ನು ಅದಕ್ಕೆ ಕೂಡಿದರೆ ಸುಮಾರು 44 ಮೀಟರ್. ಹಸು ಇದ್ದದ್ದು 40 ಮೀಟರಿನಲ್ಲಿ.

ಒಂದೇ ಲೆಕ್ಕ, ಮೂರು ಉತ್ತರ. ಮೂರರಲ್ಲೂ ಸೂತ್ರ ಸರಿಯಾಗಿಯೇ ಇತ್ತು. ತಪ್ಪಿದ್ದು ನೋಟ. ಇಷ್ಟು ವರ್ಷ ಮಕ್ಕಳ ಪಕ್ಕ ಕೂತು ಲೆಕ್ಕ ಮಾಡಿಸಿದ ಮೇಲೆ ನನಗೆ ಖಚಿತವಾಗಿರುವುದು ಇದೊಂದೇ: ಭೌತಶಾಸ್ತ್ರದ ಲೆಕ್ಕದಲ್ಲಿ ಸೂತ್ರ ಬರಬೇಕಾದದ್ದು ಕೊನೆಯಲ್ಲಿ. ಮೊದಲು ನಡೆದದ್ದು ಕಣ್ಣಿಗೆ ಕಟ್ಟಬೇಕು.

ಅರ್ಧ ಹೇಳಿದ ಕಥೆ

ಲೆಕ್ಕವನ್ನು ಬದುಕಿನಿಂದ ಎತ್ತಿಕೊಳ್ಳುವುದು ನಮಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ಗಣಿತ ಗ್ರಂಥಗಳನ್ನು ಬರೆದಾಗ ಒಂದಕ್ಕೆ ಇಟ್ಟ ಹೆಸರೇ ‘ವ್ಯವಹಾರಗಣಿತ’. ಜನ ದಿನವೂ ಮಾಡುವ ವ್ಯವಹಾರವೇ ಅಲ್ಲಿ ಪಾಠದ ಸಾಮಗ್ರಿ. ಭೌತಶಾಸ್ತ್ರದ ಲೆಕ್ಕವೂ ಹಾಗೆಯೇ ಅರ್ಧ ಹೇಳಿ ನಿಲ್ಲಿಸಿದ ಒಂದು ಕಥೆ. ಏನೋ ಬಿತ್ತು, ಏನೋ ಉರುಳಿತು, ಏನೋ ಕಾದಿತು. ಮುಂದೇನಾಯಿತು ಎಂದು ಹೇಳುವ ಕೆಲಸ ವಿದ್ಯಾರ್ಥಿಯದು. ಕಥೆಯೇ ತಿಳಿಯದಿದ್ದರೆ ಅದರ ಕೊನೆಯನ್ನು ಹೇಳುವುದಾದರೂ ಹೇಗೆ?

1981ರಲ್ಲಿ ಮಿಷೆಲಿನ್ ಚೀ, ಪಾಲ್ ಫೆಲ್ಟೊವಿಚ್, ರಾಬರ್ಟ್ ಗ್ಲೇಸರ್ ಎಂಬ ಅಮೆರಿಕದ ಮೂವರು ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಭೌತಶಾಸ್ತ್ರದ ಹಲವು ಲೆಕ್ಕಗಳನ್ನು ಒಂದು ಕಡೆ ಹೊಸಬರ ಮುಂದೆ, ಇನ್ನೊಂದು ಕಡೆ ಪಿಎಚ್‌.ಡಿ. ಮಟ್ಟದ ಪಳಗಿದವರ ಮುಂದೆ ಇಟ್ಟು, ಒಂದೇ ಜಾತಿಯವನ್ನು ಒಟ್ಟಿಗೆ ಜೋಡಿಸಿ ಎಂದರು. ಲೆಕ್ಕ ಬಿಡಿಸಿ ಎನ್ನಲಿಲ್ಲ, ವಿಂಗಡಿಸಿ ಎಂದರು, ಅಷ್ಟೇ. ಹೊಸಬರು ರಾಟೆಯ ಲೆಕ್ಕಗಳನ್ನು ಒಂದು ಗುಂಪು ಮಾಡಿದರು, ಇಳಿಜಾರು ಹಲಗೆಯ ಲೆಕ್ಕಗಳನ್ನು ಇನ್ನೊಂದು, ಸ್ಪ್ರಿಂಗಿನವನ್ನು ಮತ್ತೊಂದು. ಪಳಗಿದವರು ಹಲಗೆಯನ್ನೂ ಸ್ಪ್ರಿಂಗನ್ನೂ ಒಂದೇ ಗುಂಪಿಗೆ ಹಾಕಿದರು. ಎರಡರಲ್ಲೂ ನಡೆಯುತ್ತಿರುವುದು ಶಕ್ತಿ ಒಂದು ರೂಪದಿಂದ ಇನ್ನೊಂದಕ್ಕೆ ಹೋಗುವ ಕೆಲಸವೇ ಎಂದು ಅವರಿಗೆ ಕಂಡಿತ್ತು. ಹೊಸಬರು ಸಾಮಾನು ನೋಡಿದರು, ಪಳಗಿದವರು ಆ ಸಾಮಾನಿನೊಳಗೆ ನಡೆಯುವುದನ್ನು ನೋಡಿದರು.

ಯಾವ ಫಾರ್ಮುಲಾ ಎಂಬ ಪ್ರಶ್ನೆ ಹುಟ್ಟುವುದು ಸಾಮಾನಿನ ಮೇಲೆ ಕಣ್ಣಿಟ್ಟಾಗ. ಇಳಿಜಾರು ಇದೆಯಲ್ಲ, ಹಾಗಾದರೆ ಇಳಿಜಾರಿನ ಫಾರ್ಮುಲಾ ಯಾವುದು? ಹೀಗೆ ಹುಡುಕುವ ಮಗುವಿಗೆ ಪುಸ್ತಕದಲ್ಲಿರುವ ಪ್ರತಿ ಲೆಕ್ಕವೂ ಹೊಸ ಲೆಕ್ಕವೇ. ಎಷ್ಟು ಬಾಯಿಪಾಠ ಮಾಡಿದರೂ ಪರೀಕ್ಷೆಯಲ್ಲಿ ಬರುವುದು ಮಾಡದೇ ಬಿಟ್ಟದ್ದೇ.

ಕೊಡ ಹೊತ್ತ ಅಮ್ಮ ಮಾಡುವುದು ಕೆಲಸವಲ್ಲವೇ?

ಕಥೆ ತಿಳಿಯದಿರಲು ದೊಡ್ಡ ಕಾರಣ ಭಾಷೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಪಿಯುಸಿಯ ಮೊದಲ ತಿಂಗಳುಗಳಲ್ಲಿ ಎರಡು ಹೊರೆ. ನಿನ್ನೆಯವರೆಗೆ ‘ಸ್ಥಾನಪಲ್ಲಟ’ ಆಗಿದ್ದದ್ದು ಇವತ್ತು ‘ಡಿಸ್‌ಪ್ಲೇಸ್‌ಮೆಂಟ್’, ‘ವೇಗೋತ್ಕರ್ಷ’ ಆಗಿದ್ದದ್ದು ‘ಆಕ್ಸಿಲರೇಷನ್’. ಅರ್ಥ ಗೊತ್ತಿದೆ, ಹೆಸರು ಗೊತ್ತಿಲ್ಲ. ಹತ್ತನೇ ತರಗತಿಯಲ್ಲಿ ಚುರುಕಾಗಿದ್ದ ಹುಡುಗಿ ಇಲ್ಲಿ ಕೊನೆಯ ಬೆಂಚಿಗೆ ಸರಿಯುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಅವಳಿಗೆ ಬುದ್ಧಿಯ ಕೊರತೆ ಇಲ್ಲ. ಪ್ರಶ್ನೆಯನ್ನು ಅವಳ ಮಾತಿನಲ್ಲಿ ಕೇಳುವವರ ಕೊರತೆ ಇದೆ.

ಹಾಗಾಗಿ ಲೆಕ್ಕವನ್ನು ಕನ್ನಡದಲ್ಲಿ ಕಥೆಯಾಗಿ ಹೇಳಿಸುವುದು ನನ್ನ ರೂಢಿ. ಇಂಗ್ಲಿಷಿನ ಪ್ರಶ್ನೆಯಲ್ಲಿ ಕೆಲವು ಪದಗಳು ಗುಟ್ಟಿನ ಗುರುತುಗಳ ಹಾಗೆ ಕೂತಿರುತ್ತವೆ. ‘ಸ್ಟಾರ್ಟ್ಸ್ ಫ್ರಮ್ ರೆಸ್ಟ್’ ಎಂದರೆ ನಿಂತಿದ್ದದ್ದು ಹೊರಟಿತು, ಆರಂಭದ ವೇಗ ಸೊನ್ನೆ. ‘ಸ್ಮೂತ್’ ಎಂದರೆ ನುಣುಪು ಎಂದಷ್ಟೇ ಅಲ್ಲ, ಘರ್ಷಣೆಯನ್ನು ಬಿಟ್ಟುಬಿಡು ಎಂಬ ಅಪ್ಪಣೆ. ‘ಲೈಟ್ ಸ್ಟ್ರಿಂಗ್’ ಎಂದರೆ ಹಗ್ಗದ ತೂಕವನ್ನು ಲೆಕ್ಕಕ್ಕೆ ಹಿಡಿಯಬೇಡ. ‘ಯೂನಿಫಾರ್ಮ್ ವೆಲಾಸಿಟಿ’ ಎಂದರೆ ವೇಗವೂ ಬದಲಾಗುತ್ತಿಲ್ಲ, ದಿಕ್ಕೂ ಬದಲಾಗುತ್ತಿಲ್ಲ, ಆದ್ದರಿಂದ ಬಲಗಳೆಲ್ಲ ಸೇರಿ ಸೊನ್ನೆ. ಈ ಗುರುತುಗಳನ್ನು ಬಿಡಿಸಿ ಕೊಟ್ಟರೆ ಅರ್ಧ ಲೆಕ್ಕ ಮುಗಿದ ಹಾಗೆ.

ಕನ್ನಡದಲ್ಲಿ ಇನ್ನೊಂದು ಬಗೆಯ ತೊಡಕಿದೆ. ಬಲ, ಶಕ್ತಿ, ಸಾಮರ್ಥ್ಯ ಮೂರೂ ಮನೆಮಾತಿನಲ್ಲಿ ಹೆಚ್ಚುಕಡಿಮೆ ಒಂದೇ. ಭೌತಶಾಸ್ತ್ರದಲ್ಲಿ ಮೂರೂ ಬೇರೆ, ಅಳೆಯುವ ಮಾನವೂ ಬೇರೆ. ವೇಗ ಮತ್ತು ಜವ ಬೇರೆ, ತೂಕ ಮತ್ತು ದ್ರವ್ಯರಾಶಿ ಬೇರೆ. ಎಲ್ಲಕ್ಕಿಂತ ಹೆಚ್ಚು ಜಗಳ ಹುಟ್ಟಿಸುವ ಪದ ‘ಕೆಲಸ’.

ತುಂಬಿದ ಕೊಡ ಹೊತ್ತು ಸಮತಟ್ಟಾದ ದಾರಿಯಲ್ಲಿ ಒಂದೇ ವೇಗದಲ್ಲಿ ನಡೆದರೆ ಕೊಡದ ಮೇಲೆ ಆದ ಕೆಲಸ ಸೊನ್ನೆ ಎಂದು ನಾನು ಹೇಳಿದಾಗ ಹುಡುಗಿಯೊಬ್ಬಳು ಎದ್ದು ನಿಂತಳು. “ನಮ್ಮಮ್ಮ ದಿನಾ ಅರ್ಧ ಮೈಲಿ ನೀರು ಹೊರ್ತಾರೆ ಮೇಡಂ. ಅದು ಕೆಲಸ ಅಲ್ವಾ?” ಅವಳ ದನಿಯಲ್ಲಿ ನೋವಿತ್ತು. ಆ ಪ್ರಶ್ನೆಗೆ ಸೂತ್ರ ತೋರಿಸಿ ಬಾಯಿ ಮುಚ್ಚಿಸುವುದು ಅನ್ಯಾಯ. ಅಮ್ಮನ ಕುತ್ತಿಗೆಯ, ಬೆನ್ನಿನ, ತೊಡೆಯ ಸ್ನಾಯುಗಳು ಬಿಗಿಯಾಗಿ ನಿಲ್ಲುವುದಕ್ಕೇ ಉಂಡ ಅನ್ನದ ಶಕ್ತಿಯನ್ನು ಖರ್ಚು ಮಾಡುತ್ತವೆ. ದಣಿವು ನಿಜ. ಆದರೆ ಆ ಶಕ್ತಿ ಕೊಡಕ್ಕೆ ಸೇರುವುದಿಲ್ಲ, ಬಹುಪಾಲು ಶಾಖವಾಗಿ ಹೋಗುತ್ತದೆ. ಕೊಡ ಮೇಲಕ್ಕೂ ಹೋಗಲಿಲ್ಲ, ಅದರ ವೇಗವೂ ಹೆಚ್ಚಲಿಲ್ಲ. ಭೌತಶಾಸ್ತ್ರ ಕೇಳುವುದು ಕೊಡಕ್ಕೆ ಏನು ಸೇರಿತು ಎಂದಷ್ಟೇ, ಹೊತ್ತವಳು ಎಷ್ಟು ದಣಿದಳು ಎಂದಲ್ಲ.

ಆಮೇಲೆ ಅವಳ ಜತೆಗೇ ಇನ್ನೊಂದು ಲೆಕ್ಕ ಮಾಡಿದೆವು. ಹತ್ತು ಮೀಟರ್ ಆಳದ ಬಾವಿಯಿಂದ ಹತ್ತು ಲೀಟರ್ ನೀರು ಸೇದಿದರೆ? ಹತ್ತು ಕಿಲೋ, ಗುರುತ್ವದ 9.8, ಹತ್ತು ಮೀಟರ್ ಎತ್ತರ. ಗುಣಿಸಿದರೆ 980 ಜೂಲ್. ಇದು ಕೆಲಸ, ಅನುಮಾನವೇ ಇಲ್ಲ. ಮನೆಯ ಮೀಟರಿನಲ್ಲಿ ಓಡುವ ಒಂದು ಯೂನಿಟ್ ಕರೆಂಟು 36 ಲಕ್ಷ ಜೂಲ್. ಭಾಗಿಸಿ ನೋಡಿ. ಒಂದು ಯೂನಿಟ್ಟಿನಲ್ಲಿ ಸುಮಾರು 3,670 ಕೊಡ ನೀರು ಸೇದುವಷ್ಟು ಶಕ್ತಿ ಇದೆ. ಪಂಪಿನಲ್ಲಿ ಸೋರಿ ಹೋಗುವುದನ್ನು ಕಳೆದರೂ ಸಾವಿರಾರು ಕೊಡವೇ. ಹುಡುಗಿ ಉತ್ತರವನ್ನು ಎರಡು ಸಲ ಸರಿನೋಡಿದಳು. ಬಾವಿಗೊಂದು ಮೋಟಾರು ಕೂರಿಸಿದರೆ ಹೆಂಗಸರ ಬೆನ್ನಿನಿಂದ ಇಳಿಯುವ ಭಾರ ಎಷ್ಟೆಂದು ಯಾರೂ ಅವಳಿಗೆ ಭಾಷಣ ಮಾಡಬೇಕಾಗಲಿಲ್ಲ.

ಎತ್ತು ಬೇರೆ, ಗಾಡಿ ಬೇರೆ

ಕಥೆ ಹೇಳಿಸಿದ ಮೇಲೆ ಚಿತ್ರ. ಭೌತಶಾಸ್ತ್ರದಲ್ಲಿ ಚಿತ್ರ ಎಂದರೆ ಅಲಂಕಾರವಲ್ಲ, ಯೋಚಿಸುವ ಸಾಧನ. ಅದಕ್ಕೆ ಹಳೆಯ, ಎಲ್ಲರಿಗೂ ಗೊತ್ತಿರುವ ಒಗಟೊಂದು ಸಾಕು. ನ್ಯೂಟನ್ನನ ಮೂರನೇ ನಿಯಮದ ಪ್ರಕಾರ ಎತ್ತು ಗಾಡಿಯನ್ನು ಎಷ್ಟು ಬಲದಿಂದ ಮುಂದಕ್ಕೆ ಎಳೆಯುತ್ತದೋ ಅಷ್ಟೇ ಬಲದಿಂದ ಗಾಡಿ ಎತ್ತನ್ನು ಹಿಂದಕ್ಕೆ ಎಳೆಯುತ್ತದೆ. ಎರಡೂ ಸಮ ಎಂದಮೇಲೆ ಗಾಡಿ ಹೊರಡುವುದು ಹೇಗೆ?

ಮಾತಿನಲ್ಲಿ ಇದನ್ನು ಬಿಡಿಸಲು ಹೋದರೆ ತರಗತಿ ಸಂತೆಯಾಗುತ್ತದೆ. ಹಾಳೆಯ ಮೇಲೆ ಗಾಡಿಯನ್ನು ಒಂದು ಚೌಕವಾಗಿ ಬರೆಯಿರಿ. ಎತ್ತನ್ನು ಬರೆಯಲೇಬೇಡಿ. ಗಾಡಿಯ ಮೇಲೆ ಬೀಳುವ ಬಲಗಳಿಗೆ ಮಾತ್ರ ಬಾಣ ಹಾಕಿ. ಮುಂದಕ್ಕೆ ನೊಗದ ಎಳೆತ, ಹಿಂದಕ್ಕೆ ನೆಲದ ಘರ್ಷಣೆ. ಎಳೆತ ಹೆಚ್ಚಿದ್ದರೆ ಗಾಡಿ ಹೊರಡುತ್ತದೆ. ಈಗ ಇನ್ನೊಂದು ಹಾಳೆಯಲ್ಲಿ ಎತ್ತು ಮಾತ್ರ. ಗೊರಸು ನೆಲವನ್ನು ಹಿಂದಕ್ಕೆ ಒದೆಯುತ್ತದೆ, ನೆಲ ಎತ್ತನ್ನು ಮುಂದಕ್ಕೆ ತಳ್ಳುತ್ತದೆ, ಗಾಡಿ ಹಿಂದಕ್ಕೆ ಎಳೆಯುತ್ತದೆ. ಸಮವಾದ ಆ ಎರಡು ಬಲಗಳು ಒಂದೇ ಹಾಳೆಯಲ್ಲಿ ಸಿಗುವುದೇ ಇಲ್ಲ. ಒಂದು ಗಾಡಿಯ ಮೇಲೆ, ಇನ್ನೊಂದು ಎತ್ತಿನ ಮೇಲೆ. ಬೇರೆ ಬೇರೆ ವಸ್ತುಗಳ ಮೇಲಿನ ಬಲಗಳು ಒಂದನ್ನೊಂದು ಹೊಡೆದುಹಾಕುವುದಿಲ್ಲ. ಗದ್ದೆಯ ಕೆಸರಿನಲ್ಲಿ ಎತ್ತು ಏಕೆ ಒದ್ದಾಡುತ್ತದೆ ಎಂಬುದಕ್ಕೂ ಅದೇ ಚಿತ್ರದಲ್ಲಿ ಉತ್ತರ ಇದೆ. ಅಲ್ಲಿ ಗೊರಸಿಗೆ ನೆಲ ಸಿಗುತ್ತಿಲ್ಲ.

ಇದು ನಮ್ಮ ಮಕ್ಕಳಿಗೆ ಮಾತ್ರ ಕಷ್ಟವೇನಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಎರಿಕ್ ಮಜೂರ್ ಎಂಬ ಪ್ರಾಧ್ಯಾಪಕರ ವಿದ್ಯಾರ್ಥಿಗಳು ಕಠಿಣ ಲೆಕ್ಕಗಳನ್ನು ಸಲೀಸಾಗಿ ಮಾಡುತ್ತಿದ್ದರು. ಭಾರಿ ಲಾರಿಯೊಂದು ಚಿಕ್ಕ ಕಾರಿಗೆ ಗುದ್ದಿದಾಗ ಯಾವುದರ ಮೇಲೆ ಬಿದ್ದ ಬಲ ಹೆಚ್ಚು ಎಂಬಂಥ ಸರಳ ಪ್ರಶ್ನೆಗಳ ಪರೀಕ್ಷೆ ಕೊಟ್ಟಾಗ ಅವರೇ ತಡವರಿಸಿದರು. ನೀವು ಕಲಿಸಿದ ಹಾಗೆ ಉತ್ತರಿಸಬೇಕೋ, ನಾನು ಸಾಮಾನ್ಯವಾಗಿ ಯೋಚಿಸುವ ಹಾಗೆ ಉತ್ತರಿಸಬೇಕೋ ಎಂದು ಒಬ್ಬ ವಿದ್ಯಾರ್ಥಿ ಕೇಳಿದ್ದನ್ನು ಮಜೂರ್ ಬಹಳ ಕಡೆ ನೆನಪಿಸಿಕೊಂಡಿದ್ದಾರೆ. ಲಾರಿ, ಕಾರು ಎರಡರ ಮೇಲೂ ಬೀಳುವ ಬಲ ಸಮ. ಕಾರಿನ ದ್ರವ್ಯರಾಶಿ ಕಡಿಮೆಯಾದ್ದರಿಂದ ಅದು ಹೆಚ್ಚು ಜೋರಾಗಿ ಚಿಮ್ಮುತ್ತದೆ. ವಿದ್ಯಾರ್ಥಿಯ ಆ ಪ್ರಶ್ನೆ ಮಜೂರರ ಪಾಠದ ರೀತಿಯನ್ನೇ ಬದಲಿಸಿತು. ತರಗತಿಯಲ್ಲಿ ತಾವು ಮಾತಾಡುವುದನ್ನು ಕಡಿಮೆ ಮಾಡಿ, ಪ್ರಶ್ನೆ ಕೊಟ್ಟು ವಿದ್ಯಾರ್ಥಿಗಳು ಪಕ್ಕದವರೊಡನೆ ವಾದ ಮಾಡುವಂತೆ ಬಿಟ್ಟರು.

ಗಾಳಿಯನ್ನು ಮರೆತಾಗ

‘ಗಾಳಿಯ ತಡೆಯನ್ನು ನಿರ್ಲಕ್ಷಿಸಿ’ ಎಂಬ ಸಾಲು ನೂರು ಲೆಕ್ಕಗಳ ಕೊನೆಯಲ್ಲಿರುತ್ತದೆ. ಅದನ್ನು ಓದಿ ಮುಂದೆ ಹೋಗುತ್ತೇವೆ. ನಿಂತು ನೋಡಿದರೆ ಆ ಸಾಲಿನಲ್ಲೇ ಒಂದು ಪಾಠ ಇದೆ.

ಜೋಗದ ರಾಜ ಜಲಪಾತದ ಎತ್ತರ 253 ಮೀಟರ್. ನೆತ್ತಿಯಿಂದ ಕಲ್ಲೊಂದು ಜಾರಿ ಬಿದ್ದರೆ ತಳ ಮುಟ್ಟಲು ಎಷ್ಟು ಹೊತ್ತು? ಮೊದಲ ಸೆಕೆಂಡಿನಲ್ಲಿ 4.9 ಮೀಟರ್, ಎರಡನೆಯದರಲ್ಲಿ ಅದರ ಮೂರರಷ್ಟು, ಮೂರನೆಯದರಲ್ಲಿ ಐದರಷ್ಟು, ನಾಲ್ಕನೆಯದರಲ್ಲಿ ಏಳರಷ್ಟು. ಬೀಳುವ ವಸ್ತು ಬೆಸಸಂಖ್ಯೆಗಳ ಲಯದಲ್ಲಿ ಇಳಿಯುತ್ತದೆ. ಗೆಲಿಲಿಯೊ ಇದನ್ನು ಕಂಡುಕೊಂಡದ್ದು ಇಳಿಜಾರಿನಲ್ಲಿ ಗುಂಡು ಉರುಳಿಸಿ. ನೇರ ಬೀಳುವ ವಸ್ತುವಿನ ವೇಗ ಅವನ ಕಾಲದ ಗಡಿಯಾರಕ್ಕೆ ಸಿಗುತ್ತಿರಲಿಲ್ಲ. ಆದ್ದರಿಂದ ಇಳಿಜಾರು ಮಾಡಿ ಬೀಳುವಿಕೆಯನ್ನು ನಿಧಾನಗೊಳಿಸಿ, ಪಾತ್ರೆಯಿಂದ ಹರಿದ ನೀರನ್ನು ತೂಗಿ ಹೊತ್ತು ಅಳೆದ. ಅದನ್ನೆಲ್ಲ ವಿವರಿಸಿದ ಅವನ ಪುಸ್ತಕ ಅಚ್ಚಾದದ್ದು 1638ರಲ್ಲಿ.

ಆ ಲಯದಲ್ಲೇ ಕೂಡುತ್ತಾ ಹೋದರೆ ಜೋಗದ ಕಲ್ಲಿಗೆ 7.2 ಸೆಕೆಂಡು ಬೇಕು. ತಳ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 70 ಮೀಟರ್, ಗಂಟೆಗೆ ಸುಮಾರು 250 ಕಿ.ಮೀ. ಕಲ್ಲಿಗೆ ಈ ಲೆಕ್ಕ ಹೆಚ್ಚುಕಡಿಮೆ ಹೊಂದುತ್ತದೆ. ನೀರಿಗೆ? ಜೋಗವನ್ನು ನೋಡಿದವರಿಗೆ ಗೊತ್ತು. ರಾಜ ನೆತ್ತಿಯಲ್ಲಿ ಗಟ್ಟಿ ಧಾರೆ, ಕೆಳಗೆ ಇಳಿಯುತ್ತಾ ಎಳೆ ಎಳೆಯಾಗಿ ಬಿಚ್ಚಿ, ಮಂಜಿನಂತೆ ತೇಲುತ್ತಾನೆ. ಗಾಳಿ ಅವನನ್ನು ತಡೆಯುತ್ತಿದೆ.

ಮಳೆಹನಿಯದು ಇನ್ನೂ ಸ್ಪಷ್ಟ. ಎರಡು ಕಿಲೋಮೀಟರ್ ಎತ್ತರದ ಮೋಡದಿಂದ ಗಾಳಿಯ ತಡೆಯಿಲ್ಲದೆ ಹನಿ ಬಿದ್ದರೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 700 ಕಿ.ಮೀ. ದಾಟುತ್ತದೆ. ಆಗುಂಬೆಯ ಮಳೆಗಾಲದಲ್ಲಿ ಒಂದು ಹೆಂಚೂ ಉಳಿಯುತ್ತಿರಲಿಲ್ಲ, ಅಡಿಕೆ ಮರದಲ್ಲಿ ಒಂದು ಸೋಗೆಯೂ ಉಳಿಯುತ್ತಿರಲಿಲ್ಲ. ನಿಜವಾಗಿ ದಪ್ಪ ಹನಿಯೂ ಸೆಕೆಂಡಿಗೆ 9 ಮೀಟರಿನ ಆಸುಪಾಸಿನಲ್ಲೇ ಬೀಳುತ್ತದೆ. ವೇಗ ಏರಿದಂತೆ ಗಾಳಿಯ ತಡೆಯೂ ಏರಿ, ಒಂದು ಹಂತದಲ್ಲಿ ಹನಿಯ ತೂಕಕ್ಕೆ ಸಮನಾಗುತ್ತದೆ. ಅಲ್ಲಿಂದ ಕೆಳಗೆ ಒಂದೇ ವೇಗ.

ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂದು ತೀರ್ಮಾನಿಸುವುದೇ ಭೌತಶಾಸ್ತ್ರದ ಜಾಣತನ. ಕಲ್ಲಿಗೆ ಗಾಳಿಯನ್ನು ಬಿಡಬಹುದು, ಹನಿಗೆ ಬಿಡುವಂತಿಲ್ಲ. ಸೂತ್ರಕ್ಕೆ ಈ ವ್ಯತ್ಯಾಸ ಗೊತ್ತಿಲ್ಲ. ಅದು ಸೂತ್ರ ಬಳಸುವವನಿಗೆ ಗೊತ್ತಿರಬೇಕು.

ಆಕಾಶದಲ್ಲಿ ಮುಗಿದ ಇಂಧನ

ಏಕಮಾನ ಬರೆಯದ ಉತ್ತರಕ್ಕೆ ಅಂಕ ಕಡಿಯುವಾಗ ಮಕ್ಕಳು ಗೊಣಗುತ್ತಾರೆ. ಅವರಿಗೆ ನಾನು ಹೇಳುವುದು 1983ರ ಜುಲೈ 23ರ ಘಟನೆ. ಏರ್ ಕೆನಡಾದ ಬೋಯಿಂಗ್ 767 ವಿಮಾನಕ್ಕೆ ಆ ದಿನ 22,300 ಕಿಲೋಗ್ರಾಂ ಇಂಧನ ಬೇಕಿತ್ತು. ಟ್ಯಾಂಕಿನಲ್ಲಿ ಉಳಿದದ್ದನ್ನು ಲೀಟರಿನಲ್ಲಿ ಅಳೆದು, ಸಾಂದ್ರತೆಯಿಂದ ಗುಣಿಸಿ, ಇನ್ನೆಷ್ಟು ತುಂಬಬೇಕು ಎಂದು ಕಂಡುಹಿಡಿಯಬೇಕು. ಒಂಬತ್ತನೇ ತರಗತಿಯ ಲೆಕ್ಕ. ಲೀಟರಿಗೆ ಸುಮಾರು 0.8 ಕಿಲೋಗ್ರಾಂ ಎಂದು ಹಿಡಿಯಬೇಕಾದಲ್ಲಿ 1.77 ಎಂಬ ಅಂಕಿ ಹಿಡಿದರು. ಅದು ಲೀಟರಿಗೆ ಎಷ್ಟು ಪೌಂಡು ಎಂಬ ಅಂಕಿ. ಸುಮಾರು 20,000 ಲೀಟರ್ ಹಾಕಬೇಕಾದ ಕಡೆ ಹಾಕಿದ್ದು 5,000 ಲೀಟರಿಗಿಂತ ಕಡಿಮೆ. ನಡು ಆಕಾಶದಲ್ಲಿ ಎರಡೂ ಎಂಜಿನ್ ನಿಂತವು. ಪೈಲಟ್ ಅದನ್ನು ಗ್ಲೈಡರಿನಂತೆ ತೇಲಿಸಿ ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದ್ದರಿಂದ ಎಲ್ಲರೂ ಬದುಕಿದರು. ಗುಣಾಕಾರದಲ್ಲಿ ತಪ್ಪಿರಲಿಲ್ಲ. ಅಂಕಿಯ ಮುಂದೆ ಪೌಂಡೋ ಕಿಲೋವೋ ಎಂದು ಯಾರೂ ನಿಂತು ನೋಡಲಿಲ್ಲ. ಈ ಕಥೆ ಹೇಳಿದ ಮೇಲೆ ಗೊಣಗಾಟ ನಿಲ್ಲುತ್ತದೆ.

ಎಂಬತ್ತು ಸೆಕೆಂಡಿನ ಕಾಲದಲ್ಲಿ

ಇಷ್ಟೆಲ್ಲ ಮಾಡಲು ಸಮಯ ಎಲ್ಲಿದೆ ಎಂದು ಪೋಷಕರು ಕೇಳುತ್ತಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಸಿಇಟಿಯಲ್ಲಿ ಭೌತಶಾಸ್ತ್ರದ 60 ಪ್ರಶ್ನೆಗೆ 80 ನಿಮಿಷ. ಒಂದು ಪ್ರಶ್ನೆಗೆ ಸಿಗುವುದು 80 ಸೆಕೆಂಡು. ಅಷ್ಟರಲ್ಲಿ ಕಥೆ ಹೇಳಿ, ಚಿತ್ರ ಬರೆದು, ಬಾಣ ಹಾಕುವುದು ಆಗುತ್ತದೆಯೇ? ಹಾಗಾಗಿ ಶಾರ್ಟ್‌ಕಟ್ ಪುಸ್ತಕ ಕೊಳ್ಳುತ್ತಾರೆ, ಯಾರೋ ಬಿಡಿಸಿಟ್ಟ ಲೆಕ್ಕಗಳನ್ನು ಮಕ್ಕಳಿಂದ ನಕಲು ಮಾಡಿಸುತ್ತಾರೆ.

ಆದರೆ ಪರೀಕ್ಷೆಯ ದಿನದ ಚುರುಕು ಬರುವುದು ಅಭ್ಯಾಸದ ದಿನಗಳ ನಿಧಾನದಿಂದ. ಸಂಗೀತ ಕಲಿಯುವವರು ಮೊದಲು ವಿಳಂಬ ಕಾಲದಲ್ಲೇ ಸ್ವರ ಹಿಡಿಯುತ್ತಾರೆ. ಇಪ್ಪತ್ತು ಲೆಕ್ಕಗಳಿಗೆ ಚಿತ್ರ ಬರೆದು ಬಿಡಿಸಿದ ಮಗುವಿಗೆ ಇಪ್ಪತ್ತೊಂದನೆಯದರ ಚಿತ್ರ ಮನಸ್ಸಿನಲ್ಲೇ ಮೂಡುತ್ತದೆ.

ಪಾಟ್ನಾದ ಸೈನ್ಸ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಎಚ್.ಸಿ. ವರ್ಮ 1992ರಲ್ಲಿ ಪ್ರಕಟಿಸಿದ ‘ಕಾನ್ಸೆಪ್ಟ್ಸ್ ಆಫ್ ಫಿಸಿಕ್ಸ್’ ಇಂದಿಗೂ ದೇಶದ ಉದ್ದಗಲ ಮಕ್ಕಳ ಮೇಜಿನ ಮೇಲಿದೆ. ಅವರು ಆಮೇಲೆ ಐಐಟಿ ಕಾನ್ಪುರಕ್ಕೆ ಹೋದರು. ಆ ಪುಸ್ತಕದ ಪ್ರತಿ ಅಧ್ಯಾಯದ ಕೊನೆಯಲ್ಲಿ ಲೆಕ್ಕಗಳಿಗಿಂತ ಮೊದಲು, ಬಹುಪಾಲು ಅಂಕಿಯೇ ಇಲ್ಲದ ಪ್ರಶ್ನೆಗಳಿವೆ. ಯೋಚಿಸಿದರೆ ಮಾತ್ರ ಉತ್ತರ ಸಿಗುತ್ತದೆ. ಮಕ್ಕಳು ಸಾಮಾನ್ಯವಾಗಿ ಹಾರಿಸಿ ಹೋಗುವುದು ಅದೇ ಪುಟಗಳನ್ನು. ನನ್ನನ್ನು ಕೇಳಿದರೆ ಆ ಪುಸ್ತಕದ ಜೀವ ಇರುವುದು ಅಲ್ಲಿ.

ಗಣಿತಜ್ಞ ಜಾರ್ಜ್ ಪೋಯಾ 1945ರಲ್ಲಿ ಲೆಕ್ಕ ಬಿಡಿಸುವುದಕ್ಕೆ ನಾಲ್ಕು ಹೆಜ್ಜೆ ಹೇಳಿದ. ಅರ್ಥಮಾಡಿಕೋ, ದಾರಿ ಯೋಚಿಸು, ಆ ದಾರಿಯಲ್ಲಿ ನಡೆ, ತಿರುಗಿ ನೋಡು. ನಾಲ್ಕನೆಯದನ್ನು ನಾವು ಬಿಟ್ಟೇಬಿಟ್ಟಿದ್ದೇವೆ. ಉತ್ತರ ಬಂದ ಕೂಡಲೇ ಕೆಳಗೆ ಎರಡು ಗೆರೆ ಎಳೆದು ಮುಂದಿನ ಲೆಕ್ಕಕ್ಕೆ ಹೋಗುತ್ತೇವೆ. ಗೆರೆ ಎಳೆಯುವ ಮುಂಚೆ ಈ ಉತ್ತರ ನಂಬುವಂಥದ್ದೇ ಎಂದು ಒಮ್ಮೆ ಕೇಳಿಕೊಂಡಿದ್ದರೆ ಆ ಹುಡುಗನ ಬಸ್ಸು 360 ಮೀಟರ್ ಓಡುತ್ತಿರಲಿಲ್ಲ.

ಎರಡು ಕಂಬದ ದೂರ

ಆ ಹುಡುಗನ ಅಪ್ಪ ಬಸ್ಸಿನ ಡ್ರೈವರ್ ಎಂಬುದು ನನಗೆ ತಿಳಿದದ್ದು ಮರುದಿನ. ಮನೆಗೆ ಹೋದವನೇ ಅಪ್ಪನಿಗೆ ಕೇಳಿದ್ದನಂತೆ, ಎಂಬತ್ತರಲ್ಲಿ ಹೋಗುವಾಗ ಎಷ್ಟು ದೂರದಲ್ಲಿ ಬ್ರೇಕ್ ಹಿಡೀತೀಯ ಅಂತ. “ಎರಡು ಕಂಬದ ದೂರ ಬೇಕು ಕಣೋ,” ಅಂದರಂತೆ ಅಪ್ಪ. ಹುಡುಗ ಬೆಳಿಗ್ಗೆ ರಸ್ತೆ ಬದಿಯ ಎರಡು ಕರೆಂಟ್ ಕಂಬಗಳ ನಡುವೆ ಹೆಜ್ಜೆ ಹಾಕಿ ಅಳೆದು ಬಂದಿದ್ದ. ಒಂದು ಕಂಬದಿಂದ ಇನ್ನೊಂದಕ್ಕೆ ಸುಮಾರು 35 ಮೀಟರ್. ಲೆಕ್ಕವನ್ನೂ ಮಾಡಿದ್ದ. ಎಂಬತ್ತು ಎಂದರೆ ಸೆಕೆಂಡಿಗೆ 22.2 ಮೀಟರ್. ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ 22, ಬ್ರೇಕ್ ಬಿದ್ದ ಮೇಲೆ 49, ಒಟ್ಟು ಸುಮಾರು 71 ಮೀಟರ್. ಎರಡು ಕಂಬ.

ವೇಗ ಹೆಚ್ಚಿದ್ದು ಮೂರನೇ ಒಂದು ಪಾಲು, ಬ್ರೇಕ್ ಬಿದ್ದ ಮೇಲಿನ ದೂರ ಮಾತ್ರ 28ರಿಂದ 49ಕ್ಕೆ ಏರಿದೆ ಎಂದು ಅವನೇ ತೋರಿಸಿದ. ಅದು ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ ಎಂದು ನಾನು ಹೇಳುವ ಮುಂಚೆಯೇ ಹೇಳಿದ. ಅಪ್ಪನ ಕಾಲಿಗೆ ಅನುಭವದಿಂದ ಗೊತ್ತಿದ್ದದ್ದು ಮಗನ ಹಾಳೆಯ ಮೇಲೂ ಬಂದಿತ್ತು. ಅವನ ಮುಖದಲ್ಲಿದ್ದ ಹೆಮ್ಮೆ ಯಾರ ಬಗ್ಗೆ, ಅಪ್ಪನ ಬಗ್ಗೆಯೋ ಲೆಕ್ಕದ ಬಗ್ಗೆಯೋ, ನನಗೆ ಬಿಡಿಸಿ ಹೇಳಲು ಬರುವುದಿಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತ. ಹೊರಗೆ ಮಳೆ ಹಿಡಿದಿತ್ತು.

“ಮೇಡಂ, ರಸ್ತೆ ಒದ್ದೆಯಾಗಿದ್ರೆ ಬ್ರೇಕಿನ ಹಿಡಿತ ಅರ್ಧಕ್ಕೆ ಇಳಿಯತ್ತೆ ಅಂತಿಟ್ಕೊಳ್ಳೋಣ. ಆಗ ಎಷ್ಟು ಕಂಬ ಬೇಕಾಗತ್ತೆ?”

ಪುಸ್ತಕದಲ್ಲಿ ಆ ಲೆಕ್ಕ ಇರಲಿಲ್ಲ. ನಾನೂ ಕೊಟ್ಟಿರಲಿಲ್ಲ. ಮತ್ತೆ ಒಳಗೆ ಬಂದು ಕೂತ. ಹಾಳೆಯ ಮೇಲೆ ಮೊದಲು ಬಸ್ಸಿನ ಚಿತ್ರ ಬರೆದ, ಅದರ ಮುಂದೆ ರಸ್ತೆ ಎಳೆದ, ರಸ್ತೆಯ ಮೇಲೆ ಮಳೆಯ ಗೆರೆಗಳನ್ನೂ ಹಾಕಿದ. 121 ಮೀಟರ್ ಬಂತು. ಮೂರೂವರೆ ಕಂಬ.

“ಅಪ್ಪಂಗೆ ಹೇಳ್ಬೇಕು,” ಎಂದು ಛತ್ರಿ ಬಿಚ್ಚಿಕೊಂಡು ಹೋದ.